ಬೆಕ್ಕು ಮೂರು ಕಾಲಲ್ಲಿ ಬಂದಾಗ



ಜತ್ತ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ಸಹೋದರಿ ಬರೆದ ಪತ್ರ ಹೋದ ತಿಂಗಳು ಕೈಸೇರಿತು. ಮದುವೆಯಾಗಿ ಬಂದು ಮೂರು ವರ್ಷವಾದ ಸೊಸೆ. ಮನೆಯಲ್ಲಿ ಒಂದು ಬೆಕ್ಕಿದೆ. ಯಾರೂ ತಂದು ಸಾಕಿದ್ದಲ್ಲ, ಮಳೆಗಾಲದ ಒಂದು ರಾತ್ರಿ ಜೋಳದ ಚೀಲಗಳ ಹಿಂದೆ ಬಂದು ಸೇರಿಕೊಂಡದ್ದು ಅಲ್ಲೇ ಉಳಿದುಬಿಟ್ಟಿದೆ. ಬೆಳಿಗ್ಗೆ ಚೆನ್ನಾಗಿಯೇ ಹೊರಗೆ ಹೋದದ್ದು ಸಂಜೆ ಮುಂಗಾಲೊಂದನ್ನು ಎತ್ತಿಕೊಂಡು ಮೂರು ಕಾಲಲ್ಲಿ ಕುಂಟುತ್ತ ಬಂತಂತೆ. ದವಾಖಾನೆಗೆ ಒಯ್ಯೋಣ ಎಂದರೆ ಅತ್ತೆಯವರು, "ಬೆಕ್ಕಿಗೆಂಥಾ ದವಾಖಾನಿ? ತಾನ ನೆಕ್ಕೊಂಡು ಆರಾಮ ಮಾಡ್ಕೋತೈತಿ" ಎಂದರಂತೆ. ಅಷ್ಟಕ್ಕೇ ಬಿಡಲಿಲ್ಲ. "ಆರಾಮ ಆದ ಮ್ಯಾಲ ಅದು ಇಲಿ ಹಿಡಿಯೂದ ಹಿಡಿಯೂದು. ಆ ಪಾಪದಾಗ ನಮ್ಮ ಪಾಲು ಇರೂದಿಲ್ಲೇನವಾ?" ಎಂದೂ ಕೇಳಿದರಂತೆ. "ಅಕ್ಕಾರ, ಕಾಲಿಗೆ ಏನ ಮಾಡಬೇಕು ಅನ್ನೂದನ್ನೂ ಹೇಳ್ರಿ, ಅತ್ತಿಯವರಿಗೆ ಏನ ಹೇಳಬೇಕು ಅನ್ನೂದನ್ನೂ ಹೇಳ್ರಿ" ಎಂದು ಪತ್ರ ಮುಗಿದಿದೆ.

ಕಾಲಿನ ವಿಷಯ ಸಂಚಿಕೆ ಅಚ್ಚಾಗುವವರೆಗೆ ಕಾಯುವಂಥದ್ದಲ್ಲ. ಆದ್ದರಿಂದ ಅಂದೇ ಫೋನು ಮಾಡಿ ತಿಳಿದಷ್ಟು ಹೇಳಿದೆ. ಆದರೆ ಅತ್ತೆಯವರ ಪ್ರಶ್ನೆ ಒಂದು ಮನೆಯದಲ್ಲ. ನಮ್ಮಲ್ಲಿ ಬೆಕ್ಕಿರುವ ಮನೆಗಳಲ್ಲೆಲ್ಲ ಎಂದಾದರೊಮ್ಮೆ ಈ ಮಾತು ಬಂದೇ ಇರುತ್ತದೆ. ಹಾಗಾಗಿ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಇದನ್ನು ಈವರೆಗೆ ಎಲ್ಲಿಯೂ ಬರೆದಿರಲಿಲ್ಲ. ನಾವು ವಯನಾಡಿನವರು, ಕಾಫಿ ತೋಟದ ಮನೆ. ಹನ್ನೆರಡು ವರ್ಷದ ಹಿಂದೆ ನಮ್ಮಲ್ಲಿ ಬೂದು ಬಣ್ಣದ ಒಂದು ಹೆಣ್ಣು ಬೆಕ್ಕಿತ್ತು. ಹಣ್ಣು ಕೊಯ್ಯುವ ಕಾಲ. ಕಣದಲ್ಲಿ ಕಾಫಿ ಹರವಿತ್ತು, ಆಳುಗಳಿಗೆ ಚಹಾ ಕಳಿಸುವ ಗಡಿಬಿಡಿ. ಆಗ ಅದು ಹಿಂಗಾಲನ್ನು ಎತ್ತಿಕೊಂಡು ಅಡಿಗೆಮನೆಯ ಹೊಸ್ತಿಲಿಗೆ ಬಂದು ಕೂತಿತು. ಮುಟ್ಟಿದರೆ ಕೂಗುತ್ತಿತ್ತು. ಪಾಪ, ನೋವಿರಬೇಕು ಎಂದುಕೊಂಡು ಮಗನ ಜ್ವರಕ್ಕೆ ತಂದಿದ್ದ ಪ್ಯಾರಾಸಿಟಮಾಲ್ ಗುಳಿಗೆಯಲ್ಲಿ ಅರ್ಧವನ್ನು ಅರೆದು ಹಾಲಿನಲ್ಲಿ ಕಲಸಿ ಕುಡಿಸಿದೆ. ಮಗುವಿಗೆ ಕೊಡುವುದು ಬೆಕ್ಕಿಗೇನು ಮಾಡೀತು ಎಂಬ ಧೈರ್ಯ. ಸಂಜೆಯ ಹೊತ್ತಿಗೆ ಅದರ ಮುಖ ಊದಿಕೊಂಡಿತು, ಒಸಡು ಕಂದು ಬಣ್ಣಕ್ಕೆ ತಿರುಗಿತು, ಉಸಿರು ಏದುಸಿರಾಯಿತು. ಮರುದಿನ ಬೆಳಿಗ್ಗೆ ಬೆಕ್ಕು ಇರಲಿಲ್ಲ. ಕಾಲನ್ನು ಬಿಡಿಸಿ ನೋಡಿದಾಗ ಬೆರಳುಗಳ ಸಂದಿಯಲ್ಲಿ ಒಂದು ಮುಳ್ಳು. ಚಿಮಟದಿಂದ ಎಳೆದರೆ ಬರುವಂಥದ್ದು.

ಕಾರಣವನ್ನು ಆಮೇಲೆ ಒಬ್ಬ ಪಶುವೈದ್ಯರು ಹೇಳಿದರು. ಮನುಷ್ಯರ ಯಕೃತ್ತು ಪ್ಯಾರಾಸಿಟಮಾಲನ್ನು ಬೇರೊಂದು ವಸ್ತುವಿಗೆ ಜೋಡಿಸಿ ನಿರುಪದ್ರವ ಮಾಡಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಬಹಳ ಕಡಿಮೆ. ಔಷಧ ವಿಷವಾಗಿ ರಕ್ತಕ್ಕೆ ಸೇರಿ, ಕೆಂಪು ಕಣಗಳು ಆಮ್ಲಜನಕವನ್ನು ಹೊರಲಾರದಂತಾಗುತ್ತವೆ. ಒಂದೇ ಗುಳಿಗೆ, ಅದಕ್ಕಿಂತ ಕಡಿಮೆಯಾದರೂ, ಪ್ರಾಣ ತೆಗೆದೀತು. ತಿಳಿಯದೆ ಕೊಟ್ಟಿದ್ದರೆ ಮುಖ ಊದುವವರೆಗೆ ಕಾಯದೆ ಆ ಕ್ಷಣವೇ ವೈದ್ಯರಲ್ಲಿಗೆ ಒಯ್ಯಬೇಕು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ, ಬೇಗ ಸಿಕ್ಕರೆ ಉಳಿಯುವ ಆಸೆ ಉಂಟು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವುಗಳನ್ನೂ ಮುಟ್ಟಬೇಡಿ. ಡೈಕ್ಲೋಫೆನಾಕನ್ನು ದನಗಳಿಗೆ ಕೊಡುವುದನ್ನು ಸರಕಾರ 2006ರಲ್ಲಿ ನಿಲ್ಲಿಸಿತು, ಏಕೆಂದರೆ ಆ ದನಗಳ ಹೆಣ ತಿಂದ ರಣಹದ್ದುಗಳು ರಾಶಿ ರಾಶಿಯಾಗಿ ಸತ್ತವು. ನಮಗೆ ಮದ್ದಾದದ್ದು ಬೇರೆ ಜೀವಕ್ಕೆ ಮದ್ದಾಗಿರಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಔಷಧದಾನ ಪುಣ್ಯವೆಂದು ಕೇಳುತ್ತ ಬೆಳೆದವಳು ನಾನು. ಯಾವ ಔಷಧ, ಯಾರಿಗೆ ಎಂದು ಕೇಳದೆ ಕೊಟ್ಟೆ.

ಈಗ ಕಾಲಿನ ವಿಷಯ. ಬೆಕ್ಕು ಕುಂಟುತ್ತ ಬಂದ ಕೂಡಲೇ ಹಿಡಿಯಲು ಹೋಗಬೇಡಿ. ಬಾಗಿಲು ಹಾಕಿ, ದೂರದಲ್ಲಿ ಕುಳಿತು ಅದು ನಡೆಯುವುದನ್ನು ನೋಡಿ. ಕಾಲನ್ನು ಪೂರ್ತಿ ಎತ್ತಿಕೊಂಡಿದೆಯೇ, ತುದಿಯನ್ನು ಮಾತ್ರ ಊರುತ್ತಿದೆಯೇ, ಎಳೆಯುತ್ತಿದೆಯೇ? ಈ ಮೂರಕ್ಕೂ ವ್ಯತ್ಯಾಸವಿದೆ. ಊರಿ ಊರಿ ಕುಂಟುವುದಾದರೆ ಸಾಮಾನ್ಯವಾಗಿ ಉಳುಕೋ ಮುಳ್ಳೋ ಇರುತ್ತದೆ. ಪೂರ್ತಿ ಎತ್ತಿಕೊಂಡಿದ್ದರೆ ನೋವು ಹೆಚ್ಚೆಂದು ತಿಳಿಯಬೇಕು. ಕಾಲು ಜೋತುಬಿದ್ದು ಅಡ್ಡಡ್ಡ ತೂಗುತ್ತಿದ್ದರೆ ಎಲುಬು ಮುರಿದಿರಬಹುದು. ಇನ್ನೊಂದು ಮಾತು. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಗುರುಗುರು ಎನ್ನುತ್ತಿದೆ, ಆದ್ದರಿಂದ ಸುಖವಾಗಿದೆ ಎಂದುಕೊಳ್ಳಬೇಡಿ. ನೋವಿನಲ್ಲಿಯೂ ಅದು ಗುರುಗುಡುತ್ತದೆ. ಊಟ ಬಿಟ್ಟು ಮಂಚದಡಿ, ಕತ್ತಲೆಯ ಮೂಲೆಗೆ ಹೋಗಿ ಸೇರಿಕೊಳ್ಳುವುದೇ ಅದರ ಕೂಗು.

ಆಮೇಲೆ ಒಂದು ಹಳೆಯ ಟವೆಲಿನಲ್ಲಿ ಮೈಯನ್ನೆಲ್ಲ ಸುತ್ತಿ, ನೋವಿರುವ ಕಾಲನ್ನಷ್ಟೇ ಹೊರಗಿಟ್ಟು, ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಬೆಳಕಿನಲ್ಲಿ ನೋಡಬೇಕು. ಪಾದದಿಂದ ಆರಂಭಿಸಿ. ಹತ್ತಕ್ಕೆ ಐದಾರು ಸಲವಾದರೂ ಕಾರಣ ಪಾದದಲ್ಲೇ ಸಿಗುತ್ತದೆ ಎಂಬುದು ನನ್ನ ಅನುಭವ. ಮೆತ್ತೆಗಳ ನಡುವೆ, ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ನೋಡಿ. ನಿಮ್ಮ ಬಯಲುಸೀಮೆಯಲ್ಲಿ ಜಾಲಿಮುಳ್ಳು, ನಮ್ಮ ತೋಟಗಳಲ್ಲಿ ನಾಚಿಕೆಮುಳ್ಳು. ವಯಸ್ಸಾದ ಬೆಕ್ಕಾದರೆ ಉಗುರು ಸವೆಯದೆ ಬೆಳೆದು ಬಾಗಿ ಮೆತ್ತೆಗೇ ಚುಚ್ಚಿಕೊಂಡಿರುತ್ತದೆ, ಅದರಲ್ಲಿಯೂ ಮುಂಗಾಲಿನ ಒಳಬದಿಯ ಹೆಬ್ಬೆರಳಿನ ಉಗುರು. ಬಳಿಕ ಬೆರಳುಗಳಿಂದ ನಿಧಾನವಾಗಿ ಮೇಲಕ್ಕೆ ಒತ್ತುತ್ತ ಹೋಗಿ, ಎದುರು ಬದಿಯ ಒಳ್ಳೆಯ ಕಾಲಿನೊಡನೆ ಹೋಲಿಸಿ. ಬಾವು, ಬಿಸಿ, ಕೂದಲು ಅಂಟಿಕೊಂಡ ಜಾಗ, ಕೆಟ್ಟ ವಾಸನೆ, ಇವನ್ನು ಗಮನಿಸಿ. ಅದು ಕಚ್ಚಲು ತಿರುಗಿತೆಂದರೆ ನೋವಿನ ಜಾಗ ಸಿಕ್ಕಿತೆಂದು ಅರ್ಥ. ಅಲ್ಲಿಗೆ ನಿಲ್ಲಿಸಿ.

ಮೇಲೆಯೇ ಕಾಣುವ ಮುಳ್ಳನ್ನು ಚಿಮಟದಿಂದ ಬಂದ ದಿಕ್ಕಿಗೇ ಎಳೆದು ತೆಗೆಯಬಹುದು. ಆಳಕ್ಕೆ ಹೋದದ್ದನ್ನು, ಗಾಜಿನ ಚೂರನ್ನು ಸೂಜಿಯಿಂದ ಅಗೆಯಬೇಡಿ. ತೊಳೆಯಲು ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಎರಡು ಚಹಾ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಹಾಕಿದರೆ ಸಾಕು. ನೆಲ ಒರೆಸುವ ಫಿನಾಯಿಲು, ಮನೆಯಲ್ಲಿ ಗಾಯಕ್ಕೆ ಬಳಸುವ ಡೆಟಾಲಿನಂಥ ದ್ರವ, ಸೀಮೆಎಣ್ಣೆ ಇವು ಬೇಡವೇ ಬೇಡ. ಹಚ್ಚಿದ್ದೆಲ್ಲ ನಾಲಗೆಯ ಮೂಲಕ ಹೊಟ್ಟೆಗೆ ಹೋಗುತ್ತದೆ, ಬೆಕ್ಕಿಗೆ ಅವು ವಿಷ. ನಮ್ಮ ಅಜ್ಜಿಯ ಕಾಲದ ಸುಣ್ಣ-ಅರಿಶಿನದ ಲೇಪವೂ ಇದೇ ಕಾರಣಕ್ಕೆ ಸಲ್ಲದು. ಸುಣ್ಣ ನಾಲಗೆಯನ್ನು ಸುಡುತ್ತದೆ.

ಗಾಯ ಏನೂ ಕಾಣದೆ ಎರಡು ಮೂರು ದಿನ ಕಳೆದು ಕಾಲು ಊದಿ ಬಿಸಿಯಾದರೆ ಅದು ಹೆಚ್ಚಾಗಿ ಇನ್ನೊಂದು ಬೆಕ್ಕು ಕಚ್ಚಿದ್ದು. ಬೆಕ್ಕಿನ ಹಲ್ಲು ಸೂಜಿಯಂತೆ. ಮೇಲಿನ ತೂತು ಒಂದೆರಡು ದಿನದಲ್ಲಿ ಮುಚ್ಚಿಹೋಗುತ್ತದೆ, ಒಳಗೆ ಕೀವು ಕಟ್ಟುತ್ತದೆ, ಜ್ವರ ಬರುತ್ತದೆ. ನಮ್ಮ ಈಗಿನ ಗಂಡು ಬೆಕ್ಕಿಗೆ ಹೋದ ವರ್ಷ ದಶಲಕ್ಷಣ ಪರ್ವದ ದಿನಗಳಲ್ಲಿ ಹೀಗೆಯೇ ಆಯಿತು. ಬಾವು ಒಡೆಯಲೆಂದು ಬಿಸಿ ಸೌತೆ ಬೀಜವನ್ನೋ ಮತ್ತೊಂದನ್ನೋ ಕಟ್ಟುವ ಸಲಹೆ ಹತ್ತು ಬಾಯಿಂದ ಬಂತು. ನಾನು ಒಪ್ಪಲಿಲ್ಲ. ವೈದ್ಯರು ಅರಿವಳಿಕೆ ಕೊಟ್ಟು ಕೊಯ್ದು ಕೀವು ತೆಗೆದು, ಜೀವಾಣುನಾಶಕ ಔಷಧ ಬರೆದುಕೊಟ್ಟರು. ನಾಲ್ಕನೆಯ ದಿನ ಅದು ಅಟ್ಟ ಹತ್ತಿತ್ತು. ಔಷಧ ಮಾತ್ರ ಹೇಳಿದಷ್ಟು ದಿನವೂ ಕೊಡಬೇಕು, ಹತ್ತಿತೆಂದು ನಿಲ್ಲಿಸಬಾರದು.

ಬಿದ್ದು ಪೆಟ್ಟಾದ ಸಂಶಯವಿದ್ದರೆ, ವಾಹನ ತಗುಲಿದ್ದರೆ, ನಾಯಿ ಹಿಡಿದಿದ್ದರೆ ನೀವೇ ಕಡ್ಡಿ ಇಟ್ಟು ಕಾಲು ಕಟ್ಟಬೇಡಿ. ತಪ್ಪಾಗಿ ಕಟ್ಟಿದ ಕಟ್ಟು ಮುರಿದ ಎಲುಬಿಗಿಂತ ಹೆಚ್ಚು ಕೆಡಿಸುತ್ತದೆ. ಹಲಗೆಯನ್ನೋ ದಪ್ಪ ರಟ್ಟನ್ನೋ ಮೈಯಡಿಗೆ ಸರಿಸಿ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಸೀರೆ ಹಾಸಿ ಮಲಗಿಸಿ ಒಯ್ಯಿರಿ. ಹಾವು ಕಚ್ಚಿದ್ದರೂ ಹಾಗೆಯೇ. ಬಿಗಿಯುವುದು, ಕೊಯ್ಯುವುದು ಏನೂ ಬೇಡ, ನೇರ ಆಸ್ಪತ್ರೆ. ತೋಟದ ಬೇಲಿಗಳಲ್ಲಿ ಹಂದಿಗೆಂದು ಕದ್ದು ಒಡ್ಡುವ ತಂತಿಯ ಉರುಳಿಗೆ ಬೆಕ್ಕುಗಳು ಸಿಕ್ಕಿ ಬರುವುದೂ ಉಂಟು. ತಂತಿ ಬಿಚ್ಚಿದ ಮೇಲೆ ಕಾಲು ನೋಡಲು ಚೆನ್ನಾಗಿದ್ದರೂ ರಕ್ತದ ಓಟ ನಿಂತು ಒಳಗೇ ಕೊಳೆಯಬಹುದು, ಅದನ್ನೂ ತೋರಿಸಲೇಬೇಕು. ಇವು ಯಾವುದೂ ಇಲ್ಲದೆ, ಉಂಡು ಕುಡಿದು ಗೆಲುವಾಗಿದ್ದು ಬರಿದೇ ಕುಂಟುತ್ತಿದ್ದರೆ ಒಂದು ಕೋಣೆಯಲ್ಲಿ ಹಾರದಂತೆ, ಹತ್ತದಂತೆ ಕೂಡಿಹಾಕಿ. ಒಂದು ದಿನ ಕಳೆದರೂ ಕಾಲೂರದಿದ್ದರೆ, ಎರಡು ದಿನದಲ್ಲಿ ಕುಂಟು ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಮರಿಗಳಲ್ಲಿ ಒಮ್ಮೊಮ್ಮೆ ಜ್ವರ, ಬಾಯಿಹುಣ್ಣುಗಳೊಡನೆ ಇವತ್ತು ಈ ಕಾಲು, ನಾಳೆ ಆ ಕಾಲು ಎಂದು ಕುಂಟುವ ಒಂದು ವೈರಸ್ ರೋಗ ಬರುತ್ತದೆ. ಕುಂಟು ಕೆಲವು ದಿನದಲ್ಲಿ ತಾನೇ ಹೋಗುತ್ತದೆ, ಆದರೆ ಮರಿ ಊಟ ಬಿಟ್ಟರೆ ಉಳಿಯುವುದಿಲ್ಲ.

ಒಂದು ವಿಧದ ಕುಂಟು ಮಾತ್ರ ಗಳಿಗೆಗಳ ಲೆಕ್ಕದ್ದು. ಚೆನ್ನಾಗಿದ್ದ ಬೆಕ್ಕು ಏಕಾಏಕಿ ಚೀರಿ, ಹಿಂಗಾಲು ಒಂದನ್ನೋ ಎರಡನ್ನೋ ಎಳೆಯತೊಡಗುತ್ತದೆ. ಮುಟ್ಟಿದರೆ ಆ ಕಾಲು ತಣ್ಣಗಿರುತ್ತದೆ, ಮೆತ್ತೆಗಳು ಬಿಳಚಿ ಅಥವಾ ನೀಲಿಗಟ್ಟಿರುತ್ತವೆ. ಇದು ಕಾಲಿನ ರೋಗವೇ ಅಲ್ಲ, ಹೃದಯದ್ದು. ಹೃದಯದೊಳಗೆ ಕಟ್ಟಿದ ರಕ್ತದ ಗಡ್ಡೆ ಹರಿದು ಬಂದು, ಹಿಂಗಾಲುಗಳಿಗೆ ರಕ್ತನಾಳ ಕವಲೊಡೆಯುವಲ್ಲಿ ಸಿಕ್ಕಿಕೊಂಡಿರುತ್ತದೆ. ನೋವು ಅಪಾರ, ಉಳಿಯುವುದೂ ಕಷ್ಟ. ರಾತ್ರಿಯೇ ಆಗಲಿ, ಒಯ್ಯಬೇಕು.

ಇಲ್ಲಿಯೇ ನಮ್ಮ ಅಡಿಗೆಮನೆಯ ಒಂದು ಮಾತು ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಟಾರಿನ್ ಎಂಬ ಒಂದು ಸತ್ವ ಬೇಕು. ಮನುಷ್ಯರು ಅದನ್ನು ಮೈಯಲ್ಲೇ ಮಾಡಿಕೊಳ್ಳುತ್ತಾರೆ, ನಾಯಿಯೂ ಬಹುಮಟ್ಟಿಗೆ ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಅದು ಸಾಲುವಷ್ಟು ಆಗುವುದಿಲ್ಲ. ಅದು ಸಿಗುವುದು ಮಾಂಸದಿಂದ. ಟಾರಿನ್ ಕಡಿಮೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಎಂದು 1987ರಲ್ಲಿ ಅಮೆರಿಕದ ಪಶುವೈದ್ಯರು ತೋರಿಸಿಕೊಟ್ಟರು. ಹಾಗೆ ಹಿಗ್ಗಿದ ಹೃದಯದಲ್ಲಿ ಗಡ್ಡೆ ಕಟ್ಟಬಹುದು. ನಾವು ಹಾಲು-ಅನ್ನ ಹಾಕಿ ಸಾಕಿದ್ದೇವೆ ಎನ್ನುವ ಹಳ್ಳಿಯ ಬೆಕ್ಕುಗಳು ಬದುಕಿರುವುದು ನಮ್ಮ ಹಾಲು-ಅನ್ನದಿಂದಲ್ಲ, ರಾತ್ರಿ ಹೊರಗೆ ಅವು ಹಿಡಿದುಕೊಳ್ಳುವುದರಿಂದ. ಪಟ್ಟಣದ ಫ್ಲ್ಯಾಟಿನಲ್ಲಿ ಬಾಗಿಲು ಮುಚ್ಚಿ, ಮೂರು ಹೊತ್ತು ಹಾಲು-ಅನ್ನವನ್ನೇ ಹಾಕಿ, "ನಮ್ಮ ಬೆಕ್ಕೂ ಶಾಕಾಹಾರಿ" ಎಂದು ಹೆಮ್ಮೆಪಡುವವರನ್ನು ಕಂಡಿದ್ದೇನೆ. ನನಗೆ ಅದು ದಯೆಯಾಗಿ ತೋರುವುದಿಲ್ಲ. ಅನ್ನವನ್ನೇ ತಿಂದು ಬೆಳೆದ ಮರಿಗೆ ಸುಣ್ಣದಂಶ ಸಾಲದೆ ಎಲುಬು ಕಾಗದದಂತಾಗಿ, ಕುರ್ಚಿಯಿಂದ ಹಾರಿದರೂ ಮುರಿಯುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಬೇಧಿಯಾಗುತ್ತದೆ. ಟಾರಿನ್ ಈಗ ಕಾರ್ಖಾನೆಯಲ್ಲಿ ರಾಸಾಯನಿಕವಾಗಿಯೇ ತಯಾರಾಗುತ್ತದೆ. ಮಾಂಸವನ್ನು ಮನೆಯೊಳಗೆ ತರಲಾರೆವು ಎನ್ನುವವರು ವೈದ್ಯರನ್ನು ಕೇಳಿ ಏನಾಗುತ್ತದೆಯೋ ಮಾಡಲಿ. ಅದೂ ಆಗದಿದ್ದರೆ ಬೆಕ್ಕನ್ನು ತಂದು ಕೂಡಿಹಾಕದಿರಲಿ.

ಇನ್ನು ಅತ್ತೆಯವರ ಪ್ರಶ್ನೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವರು ಕೇಳಿದ್ದರಲ್ಲಿ ಶಾಸ್ತ್ರದ ಬಲವಿದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ಬಿಡಬೇಕಾದ ಖರಕರ್ಮಗಳನ್ನು ಎಣಿಸುವಾಗ, ಜೀವಿಗಳನ್ನು ಕೊಲ್ಲುವ ಪ್ರಾಣಿಗಳನ್ನು ಸಾಕುವುದನ್ನೂ ಸೇರಿಸಿದ್ದಾರೆ. ದೆಹಲಿಯ ಕೆಂಪುಕೋಟೆಯೆದುರಿನ ಲಾಲ್ ಮಂದಿರದಲ್ಲಿ ನಮ್ಮ ಸಮಾಜದವರು ನಡೆಸುವ ಹಕ್ಕಿಗಳ ಆಸ್ಪತ್ರೆಗೆ ಹೋದವರು ನೋಡಿರಬಹುದು: ಕಾಳು ತಿನ್ನುವ ಹಕ್ಕಿಗಳನ್ನು ಒಳಗೆ ಇಟ್ಟುಕೊಂಡು ಉಪಚರಿಸುತ್ತಾರೆ; ಹದ್ದು, ಗಿಡುಗಗಳನ್ನು ಒಳಗೆ ಇರಿಸಿಕೊಳ್ಳುವುದಿಲ್ಲ. ಆದರೆ ಅವುಗಳ ಗಾಯಕ್ಕೆ ಮದ್ದು ಹಾಕದೆ ಕಳಿಸುವುದಿಲ್ಲ, ಚಿಕಿತ್ಸೆ ಕೊಟ್ಟೇ ಕಳಿಸುತ್ತಾರೆ. ಈ ಎರಡರ ನಡುವಿನ ಗೆರೆಯನ್ನು ಸ್ವಲ್ಪ ಯೋಚಿಸಿ ನೋಡಬೇಕು. ಇಲಿ ಹಿಡಿಯಲೆಂದು ಬೆಕ್ಕನ್ನು ತಂದು ಸಾಕುವುದು ಒಂದು. ತಾನಾಗಿ ಬಂದು ಆಶ್ರಯ ಪಡೆದ ಜೀವ ಎದುರಿಗೆ ನೋವಿನಿಂದ ಒದ್ದಾಡುವಾಗ ಕೈ ಚಾಚುವುದು ಇನ್ನೊಂದು. ಮೊದಲನೆಯದರಲ್ಲಿ ಹಿಂಸೆಯ ಉದ್ದೇಶ ನಮ್ಮದು. ಎರಡನೆಯದರಲ್ಲಿ ನಮ್ಮ ಉದ್ದೇಶ ನೋವು ತಗ್ಗಿಸುವುದಷ್ಟೇ, ಇಲಿಯ ಸಾವನ್ನು ನಾವು ಬಯಸಿಲ್ಲ, ಮಾಡಿಸಿಲ್ಲ, ಮೆಚ್ಚಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಮನೆಯ ಪ್ರಾಣಿಗೆ ಅನ್ನ-ನೀರು ತಪ್ಪಿಸುವುದೂ ಅವುಗಳಲ್ಲಿ ಒಂದು. ಕಾಲು ಮುರಿದ ಬೆಕ್ಕು ತನ್ನ ಆಹಾರವನ್ನು ತಾನು ಹುಡುಕಿಕೊಳ್ಳಲಾರದು. ನೋಡಿಯೂ ನೋಡದಂತಿದ್ದರೆ ಆ ಅತಿಚಾರಕ್ಕೆ ಬಹಳ ಹತ್ತಿರ ಬಂದಂತೆ ಎಂದು ನನ್ನ ತಿಳಿವಳಿಕೆ. ಜೀವಂಧರ ಕುಮಾರನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಭಾಸ್ಕರ ಕವಿ ಅದನ್ನು 1424ರಲ್ಲಿ ಕನ್ನಡಕ್ಕೆ ತಂದ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಹೇಳುವಾಗ ಅವನು ಅದು ಏನು ತಿನ್ನುವ ಪ್ರಾಣಿ ಎಂದು ಕೇಳಲಿಲ್ಲ. ಆದರೂ ನಾನು ಪಂಡಿತಳಲ್ಲ. ಊರಿಗೆ ಮುನಿಗಳೋ ಮಾತಾಜಿಯವರೋ ವಿಹಾರ ಬಂದಾಗ ಅತ್ತೆಯವರೇ ಕೇಳಲಿ. ಅಷ್ಟರಲ್ಲಿ ಕಾಲು ಗುಣವಾಗಲಿ.

ಗಂಡು ಬೆಕ್ಕಿಗೆ ಬೀಜ ತೆಗೆಸಿದರೆ ಅಲೆದಾಟ, ಕಾದಾಟ ಕಡಿಮೆಯಾಗಿ ಈ ಕಚ್ಚಿದ ಗಾಯಗಳೂ ಕಡಿಮೆಯಾಗುತ್ತವೆ ಎಂದು ವೈದ್ಯರೆಲ್ಲ ಹೇಳುತ್ತಾರೆ, ಅದು ನಿಜ. ಆದರೆ ಖರಕರ್ಮಗಳ ಅದೇ ಪಟ್ಟಿಯಲ್ಲಿ ನಿರ್ಲಾಂಛನವೂ ಇದೆ. ಎತ್ತುಗಳ ಬೀಜ ಒಡೆಯುವುದನ್ನೇ ಜೀವನೋಪಾಯ ಮಾಡಿಕೊಳ್ಳುವುದನ್ನು ಕುರಿತ ಮಾತು ಅದು. ಅರಿವಳಿಕೆ ಕೊಟ್ಟು, ಪ್ರಾಣಿಯ ಹಿತಕ್ಕಾಗಿ ಒಮ್ಮೆ ಮಾಡುವುದಕ್ಕೂ ಅದು ಸಲ್ಲುತ್ತದೆಯೇ? ಹಾದಿ ಬದಿಯಲ್ಲಿ ಸಾಯುವ ಮರಿಗಳನ್ನು ನೋಡಿದಾಗ ಸಲ್ಲದು ಎನಿಸುತ್ತದೆ. ನಮ್ಮವರು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ, ಬೆಕ್ಕು ಇನ್ನೂ ಜಗಳ ಮಾಡಿಕೊಂಡು ಬರುತ್ತಿದೆ.

ಗಾಯಗೊಂಡ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ. ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ಮನೆಯ ಬೆಕ್ಕು ತಾನೇ ಎಂಬ ಸಲಿಗೆ ಬೇಡ. ಬೆಕ್ಕಿಗೂ ವರ್ಷ ವರ್ಷ ಆ ಲಸಿಕೆ ಹಾಕಿಸಬೇಕು.

ನಮ್ಮಂಥ ಗಡಿಯಾಚೆಯವರಿಗೆ ಫಲಕ ಓದುವುದೇ ಒಂದು ತೊಡಕು. ಕೇರಳದಲ್ಲಿ 'ಮೃಗಾಶುಪತ್ರಿ' ಎಂದು ಕೇಳಿ. ವಯನಾಡಿನವರಿಗೆ ಪೂಕೋಡಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ತಾಳವಾಡಿ, ಹೊಸೂರಿನವರು 'ಕಾಲ್ನಡೈ ಮರುತ್ತುವಮನೈ' ಎಂಬ ಫಲಕ ನೋಡಿ. ಮಹಾರಾಷ್ಟ್ರದಲ್ಲಿ 'ಪಶುವೈದ್ಯಕೀಯ ದವಾಖಾನಾ', ಆಂಧ್ರದಲ್ಲಿ 'ಪಶು ವೈದ್ಯಶಾಲ'. ಹಲವು ರಾಜ್ಯಗಳಲ್ಲಿ 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶುವೈದ್ಯ ವಾಹನದ ವಿಚಾರ ಹೇಳುತ್ತಾರೆ. ಅದು ಮುಖ್ಯವಾಗಿ ದನಕರುಗಳಿಗೆಂದು ಇರುವುದು, ಬೆಕ್ಕಿಗೆ ಬರದಿದ್ದರೂ ಹತ್ತಿರದ ವೈದ್ಯರು ಎಲ್ಲಿದ್ದಾರೆಂದು ಕೇಳಬಹುದು. ಭಾಷೆ ಬಾರದೆ ತೊದಲುವುದಾದರೆ ಮೂರು ವಿಷಯ ಚೀಟಿಯಲ್ಲಿ ಬರೆದೊಯ್ಯಿರಿ: ಯಾವಾಗಿನಿಂದ ಕುಂಟುತ್ತಿದೆ, ಏನು ತಿಂದಿದೆ, ನೀವು ಏನು ಕೊಟ್ಟಿದ್ದೀರಿ. ಕೊನೆಯದನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ನಾನು ಮುಚ್ಚಿಟ್ಟಿದ್ದೆ.

ಈ ಬರಹವನ್ನು ಕಳಿಸುವ ಹೊತ್ತಿಗೆ ಜತ್ತಿನ ಸಹೋದರಿಯ ಫೋನು ಬಂತು. ಮುಂಗಾಲಿನ ಎಲುಬು ಸೀಳಿತ್ತಂತೆ, ಪೂರ್ತಿ ಮುರಿದಿರಲಿಲ್ಲ. ಕಟ್ಟು ಹಾಕಿ ಕೆಲವು ವಾರ ಬುಟ್ಟಿಯಲ್ಲೇ ಇರಿಸಿ ಎಂದಿದ್ದಾರೆ. ದವಾಖಾನೆಗೆ ಹೋಗುವಾಗ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಹಿಡಿದುಕೊಂಡು ಕೂತವರು ಅತ್ತೆಯವರೇ. ಹಾದಿಯುದ್ದಕ್ಕೂ ಣಮೋಕಾರ ಹೇಳುತ್ತಿದ್ದರಂತೆ. ಪ್ರಶ್ನೆಯನ್ನೇನೂ ಬಿಟ್ಟಿಲ್ಲ, ಚಾತುರ್ಮಾಸಕ್ಕೆ ಮಹಾರಾಜರು ಬಂದಾಗ ಕೇಳಿಯೇ ಕೇಳುತ್ತೇನೆ ಎಂದಿದ್ದಾರಂತೆ. ಉತ್ತರ ಏನು ಬಂತೆಂದು ನನಗೂ ಬರೆಯಬೇಕೆಂದು ಹೇಳಿದ್ದೇನೆ.